ದ್ರಾಕ್ಷಿ ತೋಟದ ದಾರಿಯಲ್ಲಿ ಪುಟ್ಟಕ್ಕ

ಸೈಕಲ್ ಮುಂದಕ್ಕೆ ಹೋಗುತ್ತಿದ್ದರೂ ಮುಖ ಮಾತ್ರ ಹಿಂದಕ್ಕೇ ಇರುತ್ತಿದ್ದ ಒಬ್ಬ ಹೆಂಗಸನ್ನು ನಾನು ಬಲ್ಲೆ. ಹೆಸರು ಪುಟ್ಟಲಕ್ಷ್ಮಮ್ಮ. ನಮಗೆಲ್ಲ ಪುಟ್ಟಕ್ಕ. ತಲೆಗೆ ಹಳದಿ ಹೆಲ್ಮೆಟ್ಟು, ಅದರ ಅಂಚಿನಿಂದ ಜಾರಿ ಕತ್ತಿನ ಮೇಲೆ ಕುಣಿಯುವ ಕನಕಾಂಬರ, ಸೀರೆಯ ಮೇಲೊಂದು ತುಂಬುತೋಳಿನ ಗಂಡಸರ ಅಂಗಿ, ಕಾಲಿಗೆ ಯಾರೋ ಅತಿಥಿ ಮರೆತುಹೋದ ಬಿಳಿ ಬೂಟು. ಹಿಂದೆ ಅತಿಥಿಗಳ ಸಾಲು, ಎಲ್ಲರಿಗಿಂತ ಕೊನೆಗೆ ನಾನು. ಪುಟ್ಟಕ್ಕ ಹೊರಳಿ ಹೊರಳಿ ನೋಡುತ್ತಿದ್ದಳು. ಅವಳ ಸೈಕಲ್ ಚರಂಡಿಯ ಅಂಚಿಗೆ ಹೋಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಇನ್ನೇನು ಬಿದ್ದಳು ಅನ್ನುವಾಗ ಅದು ಹೇಗೋ ತಾನೇ ದಾರಿಗೆ ಬರುತ್ತಿತ್ತು.

"ಅಕ್ಕ, ಮುಂದೆ ರಸ್ತೆ ನೋಡು" ಎಂದರೆ, "ರಸ್ತೆ ಎಲ್ಗೂ ಓಗಕಿಲ್ಲ ಕಣಮ್ಮಿ, ಜನ ಓಯ್ತಾರೆ" ಅನ್ನುತ್ತಿದ್ದಳು.

ಅಂತರಸಂತೆಯಿಂದ ಆಚೆ, ಹಿನ್ನೀರಿನ ದಡದಲ್ಲಿ, ಮೈಸೂರಿನ ಗುರುಮೂರ್ತಿ ಎನ್ನುವವರು ಒಂದು ಅತಿಥಿಗೃಹ ಕಟ್ಟಿಸಿದ್ದರು. ಅವರು ಎಲ್ಲೋ ಪರದೇಶಕ್ಕೆ ಹೋಗಿದ್ದಾಗ ಜನ ದ್ರಾಕ್ಷಿ ತೋಟದಿಂದ ದ್ರಾಕ್ಷಿ ತೋಟಕ್ಕೆ ಸೈಕಲ್ಲಿನಲ್ಲಿ ಸುತ್ತುತ್ತ, ಒಂದೊಂದು ಕಡೆ ಒಂದೊಂದು ಗುಟುಕು ವೈನ್ ಕುಡಿಯುತ್ತ ಹೋಗುವುದನ್ನು ಕಂಡಿದ್ದರಂತೆ. ಅದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಹೊಗೆಸೊಪ್ಪು, ಹತ್ತಿ, ರಾಗಿ, ಈಚೆಗೆ ಶುಂಠಿ ಬೆಳೆಯುವ ನಮ್ಮ ಸೀಮೆಯಲ್ಲಿ ಅವರೂ ಅವರ ನೆಂಟರಿಬ್ಬರೂ ದ್ರಾಕ್ಷಿ ಹಾಕಿದರು. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಹಬ್ಬಿಸಿದರು. ಹಣ್ಣು ಲಾರಿಯಲ್ಲಿ ದೂರದೂರಿಗೆ ಹೋಗಿ ಬಾಟಲಿಯಾಗಿ ವಾಪಸು ಬರುತ್ತಿತ್ತು. ಮೂರು ತೋಟ, ನಡುವೆ ಮಣ್ಣಿನ ದಾರಿ, ಮೂರನೆಯದಕ್ಕೆ ಅಂಟಿಕೊಂಡಂತೆ ಕಾಡು. "ದ್ರಾಕ್ಷಿ ನಾಡಿನಲ್ಲಿ ಸೈಕಲ್ ಸವಾರಿ" ಎಂದು ಬೋರ್ಡು ಬರೆಸಿದ್ದರು. ನಮ್ಮದನ್ನು ದ್ರಾಕ್ಷಿ ನಾಡು ಎಂದು ಕರೆದವರು ಲೋಕದಲ್ಲಿ ಅವರೊಬ್ಬರೇ ಇರಬೇಕು.

ನಾನು ಹ್ಯಾಂಡ್‌ಪೋಸ್ಟಿನವಳು. ಆ ಕೂಡುರಸ್ತೆಯ ಊರಲ್ಲಿ ಅಪ್ಪನ ಟೀ ಅಂಗಡಿ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಇಂಗ್ಲಿಷು, ಹಿಂದಿ ತಕ್ಕಮಟ್ಟಿಗೆ ಬರುತ್ತಿದ್ದುದರಿಂದ ಕೆಲಸ ಸಿಕ್ಕಿತು. ಮುಂದೆ ಪುಟ್ಟಕ್ಕ ದಾರಿ ತೋರಿಸಬೇಕು, ಹಿಂದೆ ನಾನು ಯಾರೂ ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ನಿಂತಲ್ಲಿ ಅವಳ ಮಾತನ್ನು ಅತಿಥಿಗಳಿಗೆ ತಿಳಿಸಬೇಕು.

ಮೊದಲ ದಿನವೇ ತಿಳಿಯಿತು, ಅದು ಸುಲಭದ ಕೆಲಸವಲ್ಲ. ಬೆಳಗ್ಗೆ ಅತಿಥಿಗಳು ಸಾಲಾಗಿ ನಿಂತಿದ್ದರು. ಪುಟ್ಟಕ್ಕ ಪ್ರತಿಯೊಂದು ಸೈಕಲ್ಲಿನ ಬ್ರೇಕನ್ನೂ ಹಿಸುಕಿ ನೋಡಿ, ಮತ್ತೆ ಮೊದಲಿನಿಂದ ಹಿಸುಕಿಕೊಂಡು ಬಂದಳು. ಆಮೇಲೆ ಅವರ ಮುಂದೆ ನಿಂತು ನನಗೆ ಹೇಳಿದಳು:

"ಯೋಳು ಇವ್ರಿಗೆ. ಆನೆ ಎದುರಾದ್ರೆ ಸೈಕಲ್ ಬುಟ್ಟು ಓಡ್ಬೇಕು. ಸೈಕಲ್ ಮ್ಯಾಲೆ ಆಸೆ ಮಡಿಕ್ಕಬಾರ್ದು. ಕಿರುಚ್ಬಾರ್ದು. ಫೋಟೊ ತಗೀಬಾರ್ದು. ದ್ರಾಕ್ಷಿ ರಸ ಕುಡುದ್ಮೇಲೆ ತಲೆ ತಿರುಗುದ್ರೆ ನಾಚ್ಕಬಾರ್ದು, ಕೂತ್ಕಬೇಕು. ಎದೆನೋವು ಇರೋರು ಈಗ್ಲೇ ಯೋಳ್ಬುಡ್ಲಿ, ಜೀಪಲ್ಲಿ ಬರ್ಲಿ."

ನಗುನಗುತ್ತ ನಿಂತಿದ್ದ ಆ ಜನರ ಮುಖ ನೋಡಿ, "ನಿಧಾನವಾಗಿ ಬನ್ನಿ, ಪ್ರಯಾಣ ಸುಖವಾಗಿರಲಿ ಅನ್ನುತ್ತಿದ್ದಾರೆ" ಎಂದೆ.

ಪುಟ್ಟಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಾನು ಇಷ್ಟುದ್ದ ಯೋಳುದ್ನಲ್ಲ, ನಿನ್ ಇಂಗ್ಲೀಸು ಇಷ್ಟೇ ಇಷ್ಟಾಯ್ತಲ್ಲಮ್ಮಿ?"

ಮರುದಿನದಿಂದ ನಾನು ಪೂರ್ತಿ ಹೇಳತೊಡಗಿದೆ. ಕೇಳಿ ಕೆಲವರು ಸೈಕಲ್ ಬಿಟ್ಟು ಜೀಪು ಹತ್ತುತ್ತಿದ್ದರು. ಆಗ ಪುಟ್ಟಕ್ಕನ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿಯನ್ನು ಯಜಮಾನರು ನೋಡದಿರಲಿ ಎಂದು ನಾನು ಹಾರೈಸುತ್ತಿದ್ದೆ.

ಅವಳ ಭಯಕ್ಕೆ ಕೊನೆಯಿರಲಿಲ್ಲ. ಬಾಯಿ ತೆರೆದರೆ "ಅಂಗಾಗ್ಬುಟ್ರೆ?" ಅನ್ನುವುದು ಅವಳ ಮಾತು. ಚೈನ್ ಕಿತ್ತುಹೋದರೆ? ಮೋರಿಯ ಕಲ್ಲು ಜಾರಿದರೆ? ಜೇನು ಎದ್ದುಬಿಟ್ಟರೆ? ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೆ ಹಣ್ಣು ಒಡೆದುಹೋಗುತ್ತದೆಂಬ ಚಿಂತೆ, ಮೋಡ ಇಲ್ಲದಿದ್ದರೆ ಅತಿಥಿಗಳಿಗೆ ಬಿಸಿಲು ಹೊಡೆಯುತ್ತದೆಂಬ ಚಿಂತೆ. ಇಷ್ಟು ಹೆದರುವವಳು ಈ ಕೆಲಸಕ್ಕೆ ಯಾಕೆ ಬಂದಳು ಎಂದು ನನಗೆ ಬಹಳ ದಿನ ಅರ್ಥವಾಗಲಿಲ್ಲ. ಒಂದು ದಿನ ಚಪ್ಪರದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಕೇಳಿಯೇಬಿಟ್ಟೆ.

ಪುಟ್ಟಕ್ಕ ಪಿರಿಯಾಪಟ್ಟಣದ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು. ಹೊಗೆಸೊಪ್ಪನ್ನು ಕಾವು ಕೊಟ್ಟು ಬೇಯಿಸುವ ಬ್ಯಾರನ್ ಮನೆಗಳ ಮುಂದೆ ಸೌದೆ ಒಟ್ಟಿ, ಸೊಪ್ಪು ಕಟ್ಟಿ, ಬಣ್ಣ ನೋಡಿ ವಿಂಗಡಿಸಿ ಅರ್ಧ ಆಯಸ್ಸು ಕಳೆದಿದ್ದಳು. ಗಂಡ ತೀರಿಕೊಂಡ ಮೇಲೆ ಅಂತರಸಂತೆಯ ತಮ್ಮನ ಮನೆಗೆ ಬಂದು ದ್ರಾಕ್ಷಿ ತೋಟದ ಕೂಲಿಗೆ ಸೇರಿದಳು. ಚಿಕ್ಕಂದಿನಲ್ಲಿ ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಸಂದಿಯಲ್ಲಿ ಕಾಲು ತೂರಿಸಿ ತುಳಿಯುವುದನ್ನು ಕಲಿತಿದ್ದಳಂತೆ. ಅದು ಗುರುಮೂರ್ತಿಯವರಿಗೆ ಹೇಗೋ ಗೊತ್ತಾಗಿ, ಸೀರೆಯುಟ್ಟ ಹಳ್ಳಿಯ ಹೆಂಗಸು ಸೈಕಲ್ಲಿನಲ್ಲಿ ಮುಂದೆ ಹೋದರೆ ಅತಿಥಿಗಳಿಗೆ ಚೆನ್ನಾಗಿ ಕಾಣುತ್ತದೆ ಎಂದು ಅವಳನ್ನು ಆರಿಸಿದ್ದರು.

"ಎದ್ರಿಕೆ ನಂಗೆ ಉಟ್ಟಿದಾಗಿಂದ್ಲೂ ಅದೆ ಕಣಮ್ಮಿ" ಅಂದಳು ಮುದ್ದೆ ಮುರಿಯುತ್ತ. "ಬ್ಯಾರನ್ ಮುಂದೆ ಕೂತಾಗ ಬೆಂಕಿ ಬಿದ್ಬುಟ್ರೆ ಅಂತ ಎದ್ರಿಕೆ. ಕೂಲಿ ಮಾಡುವಾಗ ಅದೇ ಎದ್ರಿಕೆ, ಇಲ್ಲೂ ಅದೇ ಎದ್ರಿಕೆ. ಆದ್ರೆ ಇಲ್ಲಿ ನೋಡು, ನನ್ನ ಮೇಡಂ ಅಂತಾರೆ. ಅಷ್ಟು ದೊಡ್ಡೋರು, ನನ್ ಇಂದೆ ಬತ್ತಾರೆ. ನಾನು ನಿಂತ್ರೆ ನಿಂತ್ಕತಾರೆ. ಇದನ್ನ ಯಂಗಮ್ಮಿ ಬುಡ್ಲಿ?"

ದಾರಿಯಲ್ಲಿ ಒಂದು ಕಡೆ ಕೇರಳಕ್ಕೆ ಹೋಗುವ ಹೆದ್ದಾರಿ ದಾಟಬೇಕಾಗಿತ್ತು. ಅಲ್ಲಿ ಪುಟ್ಟಕ್ಕ ತನ್ನ ಸೈಕಲ್ಲನ್ನು ನನಗೆ ಕೊಟ್ಟು, ರಸ್ತೆಯ ನಡುಮಧ್ಯೆ ಹೋಗಿ, ಎರಡೂ ಕೈ ಅಗಲಿಸಿ ನಿಲ್ಲುತ್ತಿದ್ದಳು. ಲಾರಿ, ಬಸ್ಸು, ಮಾನಂದವಾಡಿ ಕಡೆಯ ಕಾರು, ಎಲ್ಲವೂ ಕಿರ್ರೆಂದು ನಿಲ್ಲುತ್ತಿದ್ದವು. ಕಂಡಕ್ಟರುಗಳಿಗೆಲ್ಲ ಅವಳ ಪರಿಚಯ. "ಏನಕ್ಕೋ, ಪೊಲೀಸ್ ಕೆಲ್ಸ ಸಿಕ್ಬುಡ್ತಾ?" ಎಂದು ಕಿಟಕಿಯಿಂದ ಕೂಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಕೊನೆಯವಳಾದ ನಾನು ಆಚೆ ಬದಿಯ ಮಣ್ಣು ಮುಟ್ಟುವ ತನಕ ಕೈ ಇಳಿಸುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಒಂದು ಮಂಜಿನ ಬೆಳಗ್ಗೆ. ಮೂರನೆಯ ತೋಟಕ್ಕೆ ಹೋಗುವ ತಿರುವಿನಲ್ಲಿ ಪುಟ್ಟಕ್ಕ ಇದ್ದಕ್ಕಿದ್ದಂತೆ ಇಳಿದು ಕೈ ಎತ್ತಿದಳು. ಮುಂದೆ ಬಿದಿರು ಮೆಳೆಯ ಪಕ್ಕ ಏನೋ ಕಪ್ಪಗೆ ದೊಡ್ಡದಾಗಿ ಅಲುಗುತ್ತಿತ್ತು. "ತಿರುಗ್ಸಿ, ತಿರುಗ್ಸಿ" ಎಂದು ಪಿಸುಗುಟ್ಟಿದಳು. ಎಲ್ಲರೂ ಸೈಕಲ್ ತಿರುಗಿಸಿ ಎದ್ದೆವೋ ಬಿದ್ದೆವೋ ಎಂದು ವಾಪಸು ಓಡಿದೆವು. ಅತಿಥಿಯೊಬ್ಬರ ಮೊಣಕಾಲು ತರಚಿತು. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಎರಡು ಎಮ್ಮೆಗಳು ಹೊರಗೆ ಬಂದವು, ಅವುಗಳ ಹಿಂದೆ ಹಲ್ಲುಕಡ್ಡಿ ಜಗಿಯುತ್ತ ಒಬ್ಬ ಮುದುಕ.

ಅತಿಥಿಗಳು ದೂರು ಕೊಟ್ಟರು. ಗುರುಮೂರ್ತಿಯವರು ನಮ್ಮಿಬ್ಬರನ್ನೂ ಕರೆಸಿದರು. ಕೆಟ್ಟ ಮನುಷ್ಯರಲ್ಲ. ದನಿ ಎತ್ತಲೂ ಇಲ್ಲ.

"ನೋಡಿ ಪುಟ್ಟಮ್ಮ, ಜನ ಇಲ್ಲಿಗೆ ಖುಷಿಯಾಗಿರೋದಕ್ಕೆ ಬರ್ತಾರೆ. ನೀವು ಹೀಗೆ ಹೆದರಿಸ್ತಾ ಹೋದ್ರೆ ಯಾರು ಬರ್ತಾರೆ ಹೇಳಿ. ಇನ್ನು ಮೇಲೆ ಸುಮ್ಮಸುಮ್ಮನೆ ನಿಲ್ಲಿಸಬೇಡಿ. ಆ ಹಿಂದೆ ಹಿಂದೆ ನೋಡೋದೂ ಬೇಡ, ನೋಡಿದವರಿಗೆ ಗಾಬರಿಯಾಗುತ್ತೆ. ಹಿಂದೆ ಸವಿತಾ ಇದಾಳಲ್ಲ. ಆಗಲ್ಲ ಅಂದ್ರೆ ಹೇಳಿಬಿಡಿ, ತೋಟದ ಕೆಲಸಕ್ಕೇ ವಾಪಸು ಹೋಗಿ."

"ಆಯ್ತದೆ ಸ್ವಾಮಿ" ಅಂದಳು ಪುಟ್ಟಕ್ಕ. ಹೊರಗೆ ಬಂದ ಮೇಲೆ ತುಂಬ ಹೊತ್ತು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

ಅಂದಿನಿಂದ ಅವಳಿಗೆ ಎರಡು ಭಯ. ಒಂದು ಕಾಡಿನದು, ಇನ್ನೊಂದು ಕೆಲಸದ್ದು. ಕತ್ತನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತಿದ್ದಳು. ಹಿಂದಿನಿಂದ ನೋಡಿದರೆ ಬೆನ್ನು ಬಿಗಿದು ಹಲಗೆಯಂತೆ ಕಾಣುತ್ತಿತ್ತು. ತಡೆಯಲಾಗದಾಗ ನನ್ನ ಹೆಸರು ಕೂಗುತ್ತಿದ್ದಳು. "ಇದೀನಕ್ಕ" ಅನ್ನುತ್ತಿದ್ದೆ. ಮತ್ತೆ ಕೂಗುತ್ತಿದ್ದಳು. ಅವಳ ಆತಂಕ ಮೆಲ್ಲಗೆ ನನಗೂ ಹತ್ತಿಕೊಂಡಿತು. ಮನೆಯಲ್ಲಿ ಮಲಗಿದಾಗಲೂ ಯಾರೋ ಹಿಂದೆ ಉಳಿದುಬಿಟ್ಟಿದ್ದಾರೆ ಅನ್ನಿಸಿ ಎದ್ದು ಕೂರುತ್ತಿದ್ದೆ.

ಹಲಸು ಹಣ್ಣಾಗುವ ಕಾಲದಲ್ಲಿ ಘೋಷ್ ದಂಪತಿ ಬಂದರು. ಕೋಲ್ಕತ್ತದವರು, ಇಬ್ಬರಿಗೂ ವಯಸ್ಸಾಗಿತ್ತು. ಜೊತೆಗೆ ಮೈಸೂರಿನಿಂದ ಬಂದ ಒಂದಿಷ್ಟು ಹುಡುಗರಿದ್ದರು. ಘೋಷ್ ಅವರ ಕೊರಳಲ್ಲಿ ಉದ್ದ ಮೂತಿಯ ಕ್ಯಾಮರಾ. ಹಕ್ಕಿ ಕಂಡರೆ ಸಾಕು, ಸೈಕಲ್ ನಿಲ್ಲಿಸುವವರು. ಆ ದಿನ ಹೊರಟಿದ್ದೇ ತಡವಾಗಿತ್ತು. ಮೂರನೆಯ ತೋಟದ ಶೆಡ್ಡಿನಲ್ಲಿ ಊಟ, ಊಟದ ಜೊತೆ ವೈನು, ವೈನಿನ ಜೊತೆ ಘೋಷ್ ಅವರ ಹಾಡು. ಎಲ್ಲರೂ ಕೈತಟ್ಟುತ್ತಿದ್ದರು. ಮೋಡ ಕಟ್ಟಿಕೊಂಡು ತೋಟದಲ್ಲಿ ಬೆಳಕು ಮಾಸಿತ್ತು. ಪುಟ್ಟಕ್ಕ ಶೆಡ್ಡಿನ ಬಾಗಿಲಿಗೂ ದಾರಿಗೂ ಓಡಾಡುತ್ತಿದ್ದಳು.

"ಒರಡ್ಸು ಅಮ್ಮಿ. ಒತ್ತಾಯ್ತು."

"ನೀನೇ ಹೇಳಕ್ಕ."

"ನಾನು ಯೋಳುದ್ರೆ ಎದ್ರುಸ್ದೆ ಅಂತಾರೆ ಕಣಮ್ಮಿ. ನೀನು ಯೋಳು."

ನಾನು ಹೇಳಿದೆ. ಇನ್ನೊಂದು ಹಾಡು ಅಂದರು ಅವರು. ಅದೂ ಮುಗಿದು ಹೊರಡುವಾಗ ಹೊತ್ತು ಇಳಿದಿತ್ತು.

ದಾರಿಯಲ್ಲಿ ಘೋಷ್ ಅವರ ಹೆಂಡತಿಯ ಸೈಕಲ್ಲಿನ ಚೈನು ಕಳಚಿತು. ನಾನು ಮಂಡಿಯೂರಿ ಅದನ್ನು ಸರಿಮಾಡತೊಡಗಿದೆ. ಘೋಷ್ ನಮ್ಮ ಮುಂದಿದ್ದವರು ತಿರುವಿನಲ್ಲಿ ಮರೆಯಾದರು. ಮುಂದೆ ಪುಟ್ಟಕ್ಕ ಇದ್ದಾಳಲ್ಲ ಎಂದು ನಾನು ಸುಮ್ಮನಿದ್ದೆ. ಹಿಂದೆ ನಾನಿದ್ದೇನೆಂದು ಅವಳು ಹಲ್ಲು ಕಚ್ಚಿ ತಿರುಗಿ ನೋಡಿರಲಿಲ್ಲ. ಮುಂದೆ ದಾರಿಬದಿಯಲ್ಲಿದ್ದ ತೋಟದ ಕಾವಲುಗಾರನ ಗುಡಿಸಲ ಬಳಿ ಎಲ್ಲರೂ ಕಾಯುತ್ತಿದ್ದರು. ನಾವಿಬ್ಬರು ಹೋಗಿ ಸೇರಿದ ಕೂಡಲೇ ಪುಟ್ಟಕ್ಕ ಕೇಳಿದಳು, "ಅಜ್ಜಪ್ಪ ಎಲ್ಲಿ?"

"ನಿನ್ನ ಜೊತೆ ಬರಲಿಲ್ವಾ?"

ಉಳಿದವರನ್ನು ಗುಡಿಸಲೊಳಗೆ ಕೂರಿಸಿ, ಅತಿಥಿಗೃಹಕ್ಕೆ ಫೋನ್ ಮಾಡೆಂದು ಕಾವಲುಗಾರನಿಗೆ ಹೇಳಿ, ನಾವಿಬ್ಬರೂ ವಾಪಸು ತುಳಿದೆವು. ಘೋಷ್ ಅವರ ಹೆಂಡತಿ ಹಿಂದಿನಿಂದ ಏನೋ ಕೂಗುತ್ತಿದ್ದರು. ತಿರುವಿಗೆ ಸ್ವಲ್ಪ ಈಚೆ, ದಾರಿ ಬಿಟ್ಟು ಒಳಗೆ, ಘೋಷ್ ಅವರ ಸೈಕಲ್ ಒಂದು ಕಲ್ಲುಕಂಬಕ್ಕೆ ಒರಗಿ ನಿಂತಿತ್ತು; ಬರುವಾಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸುತ್ತ ಯಾರೂ ಇಲ್ಲ. ಚಪ್ಪರದ ಕೆಳಗೆ ಮುಸುಕು ಮುಸುಕು ಬೆಳಕು. ಹಲಸಿನ ಹಣ್ಣಿನ ವಾಸನೆ ಗಾಢವಾಗಿತ್ತು. ಲಟಕ್ಕೆಂದು ಕೊಂಬೆ ಮುರಿದ ಸದ್ದು ಬಂತು.

ಬಗ್ಗಿ ನೋಡಿದೆವು. ತೋಟದ ಆಚೆ ಅಂಚಿನಲ್ಲಿ ಬೇಲಿಯ ತಂತಿ ನೆಲಕ್ಕೆ ಬಿದ್ದಿತ್ತು. ಹಲಸಿನ ಮರದ ಕೆಳಗೆ ಆನೆ ಬೆನ್ನು ಮಾಡಿ ನಿಂತಿತ್ತು. ಅದಕ್ಕೂ ನಮಗೂ ನಡುವೆ, ಅದಕ್ಕೇ ಹೆಚ್ಚು ಹತ್ತಿರವಾಗಿ, ಘೋಷ್ ನಿಂತಿದ್ದರು. ಕ್ಯಾಮರಾ ಎದೆಯ ಮೇಲೆ ಜೋತಾಡುತ್ತಿತ್ತು. ಎರಡೂ ಕೈಗಳು ಅರ್ಧ ಮೇಲೆ ಎದ್ದು ಅಲ್ಲೇ ನಿಂತುಬಿಟ್ಟಿದ್ದವು. ಕೂಗಲು ಹೊರಟ ನನ್ನ ಬಾಯಿಯನ್ನು ಪುಟ್ಟಕ್ಕ ಅಂಗೈಯಿಂದ ಮುಚ್ಚಿದಳು.

ಆಮೇಲೆ ಅವಳು ಹೆಲ್ಮೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬೂಟು ಕಳಚಿದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಬಗ್ಗಿಕೊಂಡು, ಬರಿಗಾಲಲ್ಲಿ ಚಪ್ಪರದ ಕೆಳಗೆ ಹೋದಳು. ಅವಳು ಹಿಂದಿನಿಂದ ಹೋಗಿ ಆ ಮುದುಕರ ಕೈ ಹಿಡಿದಳು. ಅವರಿಗೆ ಅರ್ಥವಾಗದ ನಮ್ಮ ಭಾಷೆಯಲ್ಲಿ, ಹಸುಗೂಸಿಗೆ ಹೇಳುವಂತೆ ಹೇಳುತ್ತಿದ್ದುದು ಗಾಳಿಯಲ್ಲಿ ತೇಲಿಬಂತು. "ಬಾಪ್ಪ... ಬಾ... ಒಂದೊಂದೇ ಎಜ್ಜೆ ಮಡುಗು... ಏನಿಲ್ಲ, ಏನೂ ಇಲ್ಲ... ಬಾ ನನ್ನಪ್ಪ."

ಆನೆ ತಿರುಗಿತು. ಕಿವಿ ಅಗಲಿಸಿತು. ಒಂದು ಹೆಜ್ಜೆ ಮುಂದಿಟ್ಟಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದು ಅಲ್ಲೇ ನಿಂತು ನೋಡುತ್ತಿತ್ತು. ಇವರಿಬ್ಬರೂ ಹಿಂದಿಂದಕ್ಕೆ ಹೆಜ್ಜೆಯಿಡುತ್ತ ಕಂಬದಿಂದ ಕಂಬಕ್ಕೆ ಸರಿದು ಬರುತ್ತಿದ್ದರು. ಅದಕ್ಕೆ ನಮ್ಮ ಮೇಲೆ ಆಸಕ್ತಿ ಹೋಯಿತೋ ಏನೋ, ಸೊಂಡಿಲು ಬೀಸಿ ಮತ್ತೆ ಹಲಸಿನ ಕಡೆ ತಿರುಗಿತು.

ಗುಡಿಸಲು ಮುಟ್ಟಿದ ಮೇಲೆ ಘೋಷ್ ಅವರ ಹೆಂಡತಿ ಪುಟ್ಟಕ್ಕನನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತರು. ನಾನು ಅವಳ ಹೆಲ್ಮೆಟ್ಟು, ಬೂಟು ವಾಪಸು ಕೊಟ್ಟೆ. ಪುಟ್ಟಕ್ಕ ಮಾತ್ರ ಹೆಲ್ಮೆಟ್ ಹಾಕಿಕೊಳ್ಳುತ್ತ, "ಸೈಕಲ್ ಅಲ್ಲೇ ಉಳ್ಕತಲ್ಲಮ್ಮಿ, ಯಜಮಾನ್ರು ಏನಂತಾರೋ" ಅಂದಳು. ಎಮ್ಮೆಗೆ ಅಷ್ಟು ಬೆದರಿದವಳು ಆನೆಯ ಮುಂದೆ ಹೀಗಿದ್ದಳಲ್ಲ ಎಂದು ನನಗೆ ಆಶ್ಚರ್ಯ. ಎಷ್ಟೋ ಜನರಿಗೆ ನಾನು ಅದನ್ನೇ ಹೇಳಿಕೊಂಡು ತಿರುಗಿದೆ.

ಘೋಷ್ ಎಲ್ಲವನ್ನೂ ಯಜಮಾನರಿಗೆ ಹೇಳಿದರು. ಆಕೆ ಮನುಷ್ಯಳಲ್ಲ, ದೇವತೆ ಅಂದರು. ಹೊಗಳಿಕೆ ಕೇಳುತ್ತ ಕೇಳುತ್ತ ಗುರುಮೂರ್ತಿಯವರು ಬಿಳಿಚಿಕೊಂಡರು. ಮರುದಿನ ಬೆಳಗ್ಗೆ ಸೈಕಲ್ಲುಗಳೆಲ್ಲ ಕೊಟ್ಟಿಗೆಯಲ್ಲಿ ಬೀಗದೊಳಗಿದ್ದವು.

"ನಾನೇನ್ ತಪ್ ಮಾಡ್ದೆ ಸ್ವಾಮಿ?" ಎಂದು ಪುಟ್ಟಕ್ಕ ಕೇಳಿದಳು.

"ನಿಮ್ಮ ತಪ್ಪಲ್ಲ ಪುಟ್ಟಮ್ಮ. ನನಗೇ ಧೈರ್ಯ ಸಾಲ್ತಾ ಇಲ್ಲ. ಇನ್ನೊಂದು ಸಲ ಹಂಗಾಗಿಬಿಟ್ರೆ?"

ಅದು ಅವಳೇ ಸದಾ ಕೇಳುತ್ತಿದ್ದ ಪ್ರಶ್ನೆ. ತಲೆಯಾಡಿಸಿ, ಬೂಟನ್ನು ಗೋಡೆಯ ಪಕ್ಕ ಜೋಡಿಸಿಟ್ಟು, ಕೊಂಬೆ ಸವರುವ ಕತ್ತರಿ ತೆಗೆದುಕೊಂಡು ತೋಟಕ್ಕೆ ಹೋದಳು. ಅತಿಥಿಗಳು ಈಗ ಜೀಪಿನಲ್ಲಿ ಬರುತ್ತಿದ್ದರು. ಚಪ್ಪರದ ಕೆಳಗೆ ಕೆಲಸ ಮಾಡುವವಳ ಕಡೆ ಯಾರೂ ನೋಡುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ನಾನು ಹುಣಸೂರಿನ ಒಂದು ಶಾಲೆಗೆ ಸೇರಿದೆ. ಅವಳು ಕೆ.ಆರ್. ನಗರದ ಕಡೆ ಕೊಟ್ಟಿದ್ದ ಮಗಳ ಮನೆಗೆ ಹೊರಟುಹೋದಳು.

ಘೋಷ್ ದಂಪತಿ ಮಾತ್ರ ನಮ್ಮನ್ನು ಬಿಡಲಿಲ್ಲ. ಪ್ರತಿ ವರ್ಷ ವಿಜಯದಶಮಿಯ ದಿನ ನನಗೆ ಫೋನ್ ಬರುತ್ತಿತ್ತು. ಅದು ಅವರ ಕಡೆ ಹಿರಿಯರನ್ನೂ ಬೇಕಾದವರನ್ನೂ ವಿಚಾರಿಸಿಕೊಳ್ಳುವ ದಿನವಂತೆ. ಮೊದಲು ಕೇಳುತ್ತಿದ್ದುದೇ "ಮೇಡಂ ಹೇಗಿದ್ದಾರೆ?" ಎಂದು. ಅವಳ ಹತ್ತಿರ ಫೋನ್ ಇರಲಿಲ್ಲ. ಕಳೆದ ವರ್ಷ ನಾನೇ ಒಂದು ಮನಸ್ಸು ಮಾಡಿ, ವಿಜಯದಶಮಿಯ ಬೆಳಗ್ಗೆಯೇ ಬಸ್ಸು ಹತ್ತಿ ಪುಟ್ಟಕ್ಕನ ಮಗಳ ಊರಿಗೆ ಹೋದೆ.

ಸುತ್ತ ಭತ್ತದ ಗದ್ದೆ, ಮನೆಯ ಮುಂದೆಯೇ ನಾಲೆ. ಪುಟ್ಟಕ್ಕ ತುಂಬ ಸೊರಗಿದ್ದಳು. ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. "ಒಬ್ಳೇ ಬಂದ್ಯಾ? ಬಸ್ಸು ಜೋರಾಗಿ ಓಡುಸ್ದ್ನಾ?" ಎಂದು ಕೇಳುತ್ತಲೇ ಒಳಗೆ ಕರೆದಳು.

ಮಧ್ಯಾಹ್ನ ಫೋನ್ ಬಂತು. ಪರದೆಯಲ್ಲಿ ಮುಖ ಕಾಣುವಂತೆ ಮಾಡಿ ಅವಳ ಕೈಗೆ ಕೊಟ್ಟೆ. ಆ ಕಡೆ ಘೋಷ್, ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಹೆಂಡತಿ. ಅವರ ಭಾಷೆ ಇವಳಿಗೆ ಬಾರದು, ಇವಳದು ಅವರಿಗೆ ಬಾರದು. ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಿದ್ದರು. ಘೋಷ್ ಎರಡೂ ಕೈ ಜೋಡಿಸಿದರು. ಪುಟ್ಟಕ್ಕ ಗಾಬರಿಯಾಗಿ, "ದೊಡ್ಡೋರು ನಂಗೆ ಯಾಕ್ ಕೈ ಮುಗುದಾರು? ಬ್ಯಾಡ ಅನ್ನು. ಊಟ ಆಯ್ತಾ ಕೇಳು, ಎಲ್ಗೂ ಒಬ್ರೇ ಓಗ್ಬ್ಯಾಡಿ ಅನ್ನು" ಎಂದಳು. ನಾನು ಒಂದಕ್ಷರ ಬಿಡದೆ ಹೇಳಿದೆ.

ಫೋನ್ ಮುಗಿದ ಮೇಲೆ ಪುಟ್ಟಕ್ಕ ಮತ್ತೆ ಮೊರ ಎಳೆದುಕೊಂಡಳು.

"ಎಷ್ಟು ಧೈರ್ಯ ಅಕ್ಕ ನಿಂಗೆ ಅವತ್ತು" ಎಂದೆ. "ಅವರ ಕೈ ಹಿಡಿದು ಕರ್ಕೊಂಡು ಬಂದೆಯಲ್ಲ."

"ನಾನೆಲ್ಲಿ ಕರ್ಕಬಂದೆ?" ಅಂದಳು ಪುಟ್ಟಕ್ಕ. ಮೊರವನ್ನು ಪಕ್ಕಕ್ಕೆ ಸರಿಸಿದಳು. "ಅಲ್ಲಿಗಂಟ ಯಂಗೋ ಓದೆ ಕಣಮ್ಮಿ. ಆನೆ ತಿರುಗ್ತಲ್ಲ, ಆಗ ನನ್ ಕಾಲು ಬರ್ನೇ ಇಲ್ಲ. ಕಣ್ಣು ಕತ್ಲೆ ಬಂದ್ಬುಡ್ತು. ಬಾಪ್ಪ ಬಾಪ್ಪ ಅಂತಿದ್ನಲ್ಲ, ನನ್ ಕಾಲ್ಗೇ ಯೋಳ್ಕತಿದ್ದೆ. ಅಜ್ಜಪ್ಪನೇ ನನ್ ಕೈ ಇಸುಕಿ ಮೆತ್ತಗೆ ಎಳುದ್ರು. ಎಳ್ಕಂಡೇ ಬಂದ್ರು ನನ್ನ."

ನಾನು ಕೇಳಿದೆ, "ಅವರಿಗೆ ಗೊತ್ತಾ ಅದು?"

"ಅವ್ರಿಗೇನ್ ಗೊತ್ತು, ಪಾಪ. ಅವ್ರು ನಾನೇ ಉಳುಸ್ದೆ ಅಂದ್ಕಂಡವ್ರೆ. ಇಷ್ಟು ವರ್ಷ ಯೋಳ್ಬೇಕು ಅನ್ಕತಿದ್ದೆ. ನೀನು ಒಂದ್ಸಲ ಯೋಳ್ಬುಡು, ನಿನ್ ಇಂಗ್ಲೀಸಲ್ಲಿ. ನಿಮ್ ಜೀವ ನೀವೇ ಉಳುಸ್ಕಂಡ್ರಿ, ನನ್ ಜೀವಾನೂ ನೀವೇ ಉಳುಸುದ್ರಿ ಅಂತ." ಕೂಡಲೇ, "ಈಗ್ಲೇ ಬ್ಯಾಡ. ಅಬ್ಬದ ದಿನ. ಬರೋ ವರ್ಷ ಯೋಳಾನ" ಅಂದಳು.

ಈ ವರ್ಷ ಮಳೆಗಾಲದಲ್ಲಿ ಅವಳ ಮಗಳು ಫೋನ್ ಮಾಡಿದಳು. ನಾಲ್ಕು ದಿನದ ಜ್ವರ, ಅಷ್ಟೇ. ಕೆ.ಆರ್. ನಗರದ ಆಸ್ಪತ್ರೆಗೆ ಸೇರಿಸಿದ್ದರಂತೆ. ನಾನು ಹೋಗುವಷ್ಟರಲ್ಲಿ ಗದ್ದೆಯ ಬದಿಯಲ್ಲಿ ಎಲ್ಲ ಮುಗಿದಿತ್ತು. ಹಸಿಮಣ್ಣಿನ ಮೇಲೆ ಯಾರೋ ತುಳಸಿ ನೆಡುತ್ತಿದ್ದರು.

ಹುಣಸೂರಿನಲ್ಲಿ ಆಗಲೇ ದಸರಾ ರಜೆ ಶುರುವಾಗಿದೆ. ಘೋಷ್ ಈಗ ಮಂಚದಿಂದ ಏಳುವುದಿಲ್ಲ, ಆಘಾತದ ಸುದ್ದಿ ತಡೆಯಲಾರರು ಎಂದು ಅವರ ಹೆಂಡತಿ ಹಿಂದೊಮ್ಮೆ ಹೇಳಿದ್ದರು. ಪುಟ್ಟಕ್ಕ ಒಪ್ಪಿಸಿಹೋದ ಮಾತು ನನ್ನ ಹತ್ತಿರವಿದೆ. ಅದನ್ನು ಹೇಳಬೇಕಾದರೆ ಅವಳಿಲ್ಲ ಅನ್ನುವುದನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಎರಡರಲ್ಲೂ ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದೇನೆ. ಯಾವುದೂ ಸರಿಯಾಗುತ್ತಿಲ್ಲ. ನಾಡಿದ್ದು ವಿಜಯದಶಮಿ.